ನೂರು ಮಾರಿನ ಕಟ್ಟಳೆ

ಹಿರೇಗಡ್ಡಿಯ ಖಂಡೆಪ್ಪನ ಬಾಯಿ ಕೆಟ್ಟದ್ದು ಅನ್ನುವ ವಿಷಯದಲ್ಲಿ ಕಾಗಿಣಾ ಹೊಳೆಯ ಎರಡೂ ದಂಡೆಯವರಿಗೆ ಒಮ್ಮತವಿತ್ತು. ಬೇರೆ ಯಾವ ವಿಷಯದಲ್ಲೂ ಆ ಎರಡು ದಂಡೆಗಳು ಒಪ್ಪಿದ್ದಿಲ್ಲ ಬಿಡಿ. ಸೇಡಮ್ಮಿನ ಸಂತೆಗೆ ಹೋಗುವವರು, ಚಿತ್ತಾಪುರದ ಕಡೆ ಹೆಣ್ಣು ನೋಡಲು ಹೊರಟವರು, ಶಹಾಬಾದಿನ ಕಲ್ಲಿನ ಗಣಿಗೆ ಕೂಲಿಗೆ ಹೋಗುವವರು, ಯಾರೇ ಅವನ ಹರಿಗೋಲು ಹತ್ತಲಿ, ಆಚೆ ದಂಡೆ ಮುಟ್ಟುವುದರೊಳಗೆ ನಾಲ್ಕು ಮಾತು ಅನ್ನಿಸಿಕೊಂಡೇ ಇಳಿಯಬೇಕು. ಒಮ್ಮೆ ತಹಶೀಲದಾರರೇ ಬಂದಿದ್ದರು. ನಡುಹೊಳೆಯಲ್ಲಿ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊಳೆ ನೋಡತೊಡಗಿದರು.

“ಕುಂದ್ರಿ ಸಾಹೇಬ್ರೆ, ಕುಂದ್ರಿ! ಕಚೇರ್ಯಾಗ ನೀವು ಎದ್ದು ನಿಂತ್ರ ನಾವೆಲ್ಲಾ ಎದ್ದು ನಿಂದರ್ತೀವಿ. ಇಲ್ಲಿ ನೀವು ಎದ್ದು ನಿಂತ್ರ ನಾವೆಲ್ಲಾ ಮಕ್ಕೋತೀವಿ, ಹೊಳಿ ತಳದಾಗ!”

ತಹಶೀಲದಾರರು ತೆಪ್ಪಗೆ ಕುಳಿತರು. ಹರಿಗೋಲೆಂದರೆ ಏನು ದೊಡ್ಡದು? ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ತೊಗಲು ಬಿಗಿದದ್ದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಒಬ್ಬ ಎದ್ದು ನಿಂತರೆ ಹದಿನೈದು ಮಂದಿಯ ಪ್ರಾಣ ಒಂದೇ ಕಡೆ ವಾಲುತ್ತದೆ.

ಖಂಡೆಪ್ಪನ ಬೈಗುಳದ ಹಿಂದೆ ಇದ್ದದ್ದು ಸೊಕ್ಕಲ್ಲ, ಹೆದರಿಕೆ. ಅವನ ಅಪ್ಪನ ಹರಿಗೋಲು ಒಂದು ಶ್ರಾವಣದಲ್ಲಿ ಮಗುಚಿ ನಾಲ್ಕು ಜನ ಹೋಗಿದ್ದರು. ಅಪ್ಪ ಈಜಿ ದಂಡೆ ಸೇರಿದ. ಸೇರಿ ಹನ್ನೊಂದು ವರ್ಷ ಬದುಕಿದ, ಹೊಳೆಯ ಕಡೆ ಬೆನ್ನು ಮಾಡಿ ಕೂತೇ ಬದುಕಿದ. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತೇನೋ. ಹುಟ್ಟು ಕೈಗೆ ಬಂದ ದಿನವೇ ಖಂಡೆಪ್ಪ ಮನಸ್ಸಿನಲ್ಲಿ ಗಂಟು ಹಾಕಿಕೊಂಡ: ನಾನು ಹೊಳೆ ದಾಟಿಸುವ ಈ ಘಟ್ಟದಲ್ಲಿ ಒಂದು ಜೀವವೂ ಹೋಗಬಾರದು. ಮೂವತ್ತು ವರ್ಷದಲ್ಲಿ ಒಂದೂ ಹೋಗಲಿಲ್ಲ. ಅವನಿಗೆ ಇದ್ದ ಆಸ್ತಿಯೆಂದರೆ ಅದೊಂದೇ. ಅದನ್ನು ಕಾಯಲು ಯಾರಿಗೆ ಏನು ಬೇಕಾದರೂ ಅನ್ನಲು ಅವನು ತಯಾರಿದ್ದ.

ಇಂಥ ಘಟ್ಟಕ್ಕೆ ಬ್ರಿಜ್ಜು ಬಂತು. ನಿಜಾಮನ ಕಾಲದಲ್ಲಿ ಅಳತೆಯಾಗಿತ್ತು. ಮೈಸೂರು ರಾಜ್ಯದಲ್ಲಿ, ಅರವತ್ತೇಳನೇ ಇಸವಿಗೆ, ಕೆಲಸ ಶುರುವಾಯಿತು. ಮುಗಿಯುವುದರೊಳಗೆ ರಾಜ್ಯದ ಹೆಸರೇ ಕರ್ನಾಟಕ ಎಂದಾಗಿತ್ತು. ಎರಡು ವರ್ಷದ ಕೆಲಸವನ್ನು ಸರ್ಕಾರ ಏಳು ವರ್ಷ ನಿಧಾನವಾಗಿ, ಪ್ರೀತಿಯಿಂದ ಮಾಡಿತು.

ಜನ ಖಂಡೆಪ್ಪನನ್ನು ಕೇಳಿದರು, ಇನ್ನು ನಿನ್ನ ಗತಿ ಏನಪ್ಪಾ ಅಂತ. “ಬ್ರಿಜ್ಜು ಮುಗಿಯೂದರಾಗ ನಾ ಸಾಯ್ತೀನಿ, ನನಗ್ಯಾಕ ಚಿಂತಿ?” ಅಂದ. ಆದರೆ ಕೆಲಸ ನೋಡಿಕೊಳ್ಳಲು ಶಹಾಬಾದಿನಿಂದ ಬಂದ ಓವರಸೇರ ಶೌಕತ ಅಲಿ ಮೊದಲ ದಿನವೇ ಇವನನ್ನು ಹುಡುಕಿಕೊಂಡು ಬಂದರು. ಸಣ್ಣ ದೇಹದ, ದಪ್ಪ ಕನ್ನಡಕದ, ಈಜು ಬಾರದ ಮನುಷ್ಯ. ಹೊಳೆಯ ತಳದಲ್ಲಿ ಪರಸಿ ಬಂಡೆ ಎಲ್ಲಿದೆ, ಉಸುಕು ಎಲ್ಲಿದೆ ಎಂದು ಕೇಳಿದರು. ಖಂಡೆಪ್ಪ ಗಳ ಊರಿ ಊರಿ ತೋರಿಸಿಕೊಟ್ಟ. ಅವನು ತೋರಿಸಿದಲ್ಲೇ ಕಂಬಗಳು ಎದ್ದವು. ತನ್ನ ಅನ್ನದ ಬುಡಕ್ಕೆ ಎಲ್ಲಿ ಗುದ್ದಲಿ ಹಾಕಬೇಕೆಂದು ಇಷ್ಟು ಅಚ್ಚುಕಟ್ಟಾಗಿ ತೋರಿಸಿಕೊಟ್ಟವನು ಇನ್ನೊಬ್ಬ ಸಿಗಲಿಕ್ಕಿಲ್ಲ.

ಅಲ್ಲಿಯವರೆಗೆ ಮಳೆಗಾಲದಲ್ಲಿ ಹೊಳೆ ದಾಟುವ ರೀತಿ ಬೇರೆ ಇತ್ತು. ಸೆಳವು ಹರಿಗೋಲನ್ನು ಕೆಳಗೆ ಎಳೆಯುತ್ತದೆ. ಅದಕ್ಕೆ ಮೊದಲು ದಂಡೆಗುಂಟ ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ಬಿಟ್ಟರೆ ಓರೆಯಾಗಿ ಬಂದು ಎದುರಿನ ಘಟ್ಟಕ್ಕೆ ಸರಿಯಾಗಿ ಮುಟ್ಟುತ್ತಿತ್ತು. ಈಗ ಘಟ್ಟದ ಮೇಲುಗಡೆಯೇ ಕಂಬಗಳು. ಮೇಲಿನಿಂದ ಬಿಟ್ಟರೆ ಹೊಳೆ ಒಯ್ದು ಕಂಬಕ್ಕೇ ಬಡಿಯುತ್ತದೆ. ಶೌಕತ ಅಲಿ ಮತ್ತು ಖಂಡೆಪ್ಪ ದಂಡೆಯ ಮೇಲೆ ಕೂತು ಕಟ್ಟಳೆ ಮಾಡಿದರು: ಬ್ರಿಜ್ಜಿನ ಕೆಳಗಿನಿಂದಲೇ ಬಿಡಬೇಕು, ಇನ್ನೂ ಕೆಳಗೆ ಹೋಗಿ ಇಳಿಯಬೇಕು. ಕಂಬದ ನಡುವೆ ನುಗ್ಗಬಾರದು. ಸಿಮೆಂಟು ಸಾಗಿಸುವ ಗುತ್ತೇದಾರನ ಕಬ್ಬಿಣದ ದೋಣಿ ಹೊರಟಿದ್ದರೆ ಎಲ್ಲರೂ ನಿಲ್ಲಬೇಕು. ಜನರಿಗೆ ಇದು ಸರಿಬರಲಿಲ್ಲ, ಯಾಕೆಂದರೆ ಕೆಳಗೆ ಇಳಿದರೆ ಅರ್ಧ ಮೈಲಿ ಎರೆಮಣ್ಣಿನ ಕೆಸರು ತುಳಿದು ವಾಪಸು ಬರಬೇಕು. ಬೈದುಕೊಂಡೇ ತುಳಿದರು. ಖಂಡೆಪ್ಪ ಅವರಿಗಿಂತ ಜೋರಾಗಿ ಬೈದ.

ನಿಜವಾದ ಪೀಕಲಾಟ ಶುರುವಾದದ್ದು ಅರವತ್ತೊಂಬತ್ತರ ಮಳೆಗಾಲದಲ್ಲಿ. ಕಬ್ಬಿಣದ ದೋಣಿಯನ್ನು ಎಳೆಯಲು ಗುತ್ತೇದಾರ ದಂಡೆಯಿಂದ ದಂಡೆಗೆ ಉಕ್ಕಿನ ತಂತಿ ಬಿಗಿದಿದ್ದ. ಬೇಸಿಗೆಯಲ್ಲಿ ಅದು ತಲೆಯ ಎಷ್ಟೋ ಮೇಲಿತ್ತು. ಹೊಳೆ ಏರಿದಂತೆ ತಂತಿ ಕುತ್ತಿಗೆಯ ಮಟ್ಟಕ್ಕೆ ಬಂತು. ಯಾರಾದರೂ ಹತ್ತಿರ ಬಂದರೆ ರುಂಡ ಒಂದು ಕಡೆ, ಮುಂಡ ಒಂದು ಕಡೆ. ಶೌಕತ ಅಲಿ ಹೆದರಿ ತಂತಿಗೆ ಉದ್ದಕ್ಕೂ ಕೆಂಪು ಬಟ್ಟೆ ಕಟ್ಟಿಸಿದರು. ಕೆಂಪು ಬಟ್ಟೆ ಅಂದರೆ ಅಪಾಯ, ದೂರ ಇರಿ ಎಂದು ಅರ್ಥ. ಅದು ಅವರ ಇಂಜಿನಿಯರಿಂಗ್ ಪುಸ್ತಕದಲ್ಲಿ.

ಹಿರೇಗಡ್ಡಿಯಲ್ಲಿ ಹೊಳೆಯ ಮೇಲೆ ಕಟ್ಟಿದ ಕೆಂಪು ಬಟ್ಟೆಗೆ ಬೇರೆಯೇ ಅರ್ಥವಿತ್ತು. ಯಾರೋ ಹರಕೆ ಹೊತ್ತಿದ್ದಾರೆ, ಹರಕೆ ಫಲಿಸಿದೆ, ರವಿಕೆಯ ಖಣ ಕಟ್ಟಿದ್ದಾರೆ. ಒಂದಲ್ಲ, ಇಪ್ಪತ್ತು ಖಣ! ಅಂದಮೇಲೆ ಭಾರಿ ದೇವರೇ ಇರಬೇಕು. ವಾರದೊಳಗೆ ಒಬ್ಬಾಕೆ ಮಗುವಿನ ಜ್ವರ ಬಿಟ್ಟಿತೆಂದು ಹಸಿರು ಖಣ ಕಟ್ಟಿದಳು. ಇನ್ನೊಬ್ಬಾಕೆ ಎಮ್ಮೆ ಸಿಕ್ಕಿತೆಂದು ಹಳದಿ ಖಣ. ತಿಂಗಳು ತುಂಬುವುದರೊಳಗೆ ದೇವರಿಗೆ ಹೆಸರೂ ಬಂತು, ತಂತೆವ್ವ. ಬಳೆ ಮಾರುವ ಜೈಬುನ್ನೀಸಾ ಜರಿಯ ಅಂಚಿನ ಹಸಿರು ಬಟ್ಟೆ ಕಟ್ಟಿ, ಅವ್ವನಲ್ಲ, ಇಲ್ಲಿರುವುದು ಒಬ್ಬ ಪೀರ ಎಂದಳು. ಅದಕ್ಕೆ ಯಾರದೂ ತಕರಾರಿರಲಿಲ್ಲ. ತಂತಿ ಉದ್ದ ಇತ್ತು, ಇಬ್ಬರಿಗೂ ಜಾಗವಿತ್ತು.

ಹೀಗೆ, ಜನ ದೂರ ಇರಲೆಂದು ಕಟ್ಟಿದ ಬಟ್ಟೆಯನ್ನು ಹುಡುಕಿಕೊಂಡು ಜನ ಹತ್ತಿರ ಬರತೊಡಗಿದರು. ಸಂತೆಯ ದಿನ ಪುಟ್ಟಿ ಎಂಬ ಮೀನುಗಾರರ ಸಣ್ಣ ಹರಿಗೋಲುಗಳೂ ಬಾಡಿಗೆಗೆ ಹೊರಟವು. ನಡುಹೊಳೆಯಲ್ಲಿ, ಸೆಳವಿನಲ್ಲಿ, ಹೆಂಗಸರು ಎದ್ದು ನಿಂತು ತಂತಿಗೆ ಗಂಟು ಹಾಕುವುದು! ಖಂಡೆಪ್ಪ ದಂಡೆಯಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡ.

“ಅದು ದೇವರಲ್ಲಬೇ ತಾಯಿ, ಗುತ್ತೇದಾರನ ತಂತಿ! ಕುತಗಿ ಕೊಯ್ತದ!”

“ಹಂಗ ಅನಬ್ಯಾಡ ಖಂಡೆಪ್ಪಣ್ಣ, ಕೆನ್ನಿ ಬಡಕೋ,” ಎಂದು ಅವರೇ ಇವನ ಪರವಾಗಿ ಕೆನ್ನೆ ಬಡಿದುಕೊಂಡರು.

ಶೌಕತ ಅಲಿ ಬಟ್ಟೆ ಬಿಚ್ಚಿಸಲು ಒಬ್ಬ ಕೂಲಿಯವನನ್ನು ಕಳಿಸಿದರು. ಅವನಿಗೆ ಮೊದಲೇ ಮೈ ಬಿಸಿ ಇತ್ತು, ಸಂಜೆಗೆ ಚಳಿಜ್ವರ ಏರಿತು. ಆಮೇಲೆ ತಂತಿ ಮುಟ್ಟುವವರೇ ಇಲ್ಲ. ಸಾಹೇಬರು ಬುರುಡೆ, ಎಲುಬು ಬರೆಸಿದ ಹಲಗೆ ತಂದು ನೆಟ್ಟರು. ಮರುದಿನ ಬುರುಡೆಯ ಹಣೆಗೆ ಯಾರೋ ಕುಂಕುಮ ಹಚ್ಚಿದ್ದರು. “ಯಾ ಅಲ್ಲಾ,” ಎಂದು ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಭಾದ್ರಪದದಲ್ಲಿ ಆಗಬಾರದ್ದು ಆಗಿಯೇಬಿಡುತ್ತಿತ್ತು. ಜೈಬುನ್ನೀಸಾ ಒಂದು ಪುಟ್ಟಿಯಲ್ಲಿ ನಿಂತು ತಂತಿ ಹಿಡಿದು ಬಟ್ಟೆ ಕಟ್ಟುತ್ತಿದ್ದಾಗ ಸೆಳವು ಪುಟ್ಟಿಯನ್ನು ಕಾಲಡಿಯಿಂದ ಎಳೆದುಕೊಂಡು ಹೋಯಿತು. ಪುಟ್ಟಿ ಹೋಯಿತು, ಬಳೆಯ ಬುಟ್ಟಿ ಹೋಯಿತು, ಪುಟ್ಟಿಯವನು ಈಜಿ ದಂಡೆ ಹಿಡಿದ, ಆಕೆ ಮಾತ್ರ ಎರಡೂ ಕೈಯಿಂದ ತಂತಿಗೆ ಜೋತುಬಿದ್ದು ನೀರಿನಲ್ಲಿ ಸೊಂಟದವರೆಗೆ ಇಳಿದು ಒದರುತ್ತಿದ್ದಳು. ಖಂಡೆಪ್ಪ ಹರಿಗೋಲು ಒಯ್ದು ಆಕೆಯ ಕಾಲು ಹಿಡಿದು ಒಳಗೆ ಎಳೆದುಕೊಂಡ. ಅಪ್ಪನ ಬೆನ್ನು ಕಣ್ಣ ಮುಂದೆ ಬಂದಿತ್ತು.

ದಂಡೆಗೆ ಬಂದ ಜೈಬುನ್ನೀಸಾ ಉಸಿರು ತಿರುಗಿದ ಕೂಡಲೇ ಊರಿಗೆಲ್ಲ ಹೇಳಿದ್ದೇನು? “ತಂತಿ ಹಿಡಕೊಂಡಿದ್ದಕ್ಕ ಜೀವ ಉಳೀತು ನೋಡ್ರಿ! ಪೀರಸಾಹೇಬ್ರು ನನ್ನ ಕೈ ಬಿಡಲಿಲ್ಲ!” ಖಂಡೆಪ್ಪ ಹಣೆ ಚಚ್ಚಿಕೊಂಡ. ಆ ತಂತಿ ಇರದಿದ್ದರೆ ಈಕೆ ನಡುಹೊಳೆಯಲ್ಲಿ ಏಳುತ್ತಲೇ ಇರಲಿಲ್ಲವಲ್ಲ! ಮುಂದಿನ ಸಂತೆಗೆ ಖಣದ ಸಂಖ್ಯೆ ಎರಡರಷ್ಟಾಯಿತು.

ಖಂಡೆಪ್ಪ ದೇವರು ಮೈಮೇಲೆ ಬರುವವರನ್ನು ಕಂಡರೆ ನಗುವವನು. “ಹೊಟ್ಟಿ ಹಸದಾಗ ಬರ್ತಾಳ, ಉಂಡ ಮ್ಯಾಲ ಹೋಗ್ತಾಳ,” ಎನ್ನುತ್ತಿದ್ದವನು. ಅಂಥವನು ಆ ಸೋಮವಾರ ಬೆಳಿಗ್ಗೆ, ಸಂತೆಯ ಜನ ದಂಡೆ ತುಂಬಿದ್ದಾಗ, ಮೈಮೇಲೆ ನೀರು ಸುರಿದುಕೊಂಡು, ಕೈಯಲ್ಲಿ ಬೇವಿನ ಸೊಪ್ಪು ಹಿಡಿದು ಹೋ ಎಂದು ಕುಣಿಯತೊಡಗಿದ. ಹೆಂಡತಿ ಮರೆಮ್ಮ ಬುತ್ತಿ ಹಿಡಿದು ಬಂದವಳು ಹಾಗೇ ನಿಂತುಬಿಟ್ಟಳು.

“ಏಏಏ ಮಕ್ಕಳ್ರಾ! ನಾ ತಂತೆವ್ವ ಬಂದೀನಿ!” ಧ್ವನಿ ಹೆಂಗಸಿನದು ಮಾಡಲು ಹೋಗಿ ಗಂಟಲು ಸೀಳಿತು. “ನನ್ನ ಮೈಲಿಗಿ ಮಾಡಾಕತ್ತೀರಿ! ಹೊಳಿ ಮ್ಯಾಲ ನೂರು ಮಾರು ದೂರ ಇರ್ರಿ! ಖಣ ಬೇಕಾದ್ರ ದಂಡಿ ಮ್ಯಾಲಿನ ಜಾಲಿಗಿಡಕ್ಕ ಕಟ್ರಿ! ನೂರು ಮಾರಿನ ಒಳಗ ಯಾರರೆ ಬಂದ್ರ...”

ಅಷ್ಟರಲ್ಲಿ ಯಾವನೋ ಒಬ್ಬ ದೇವರು ನೋಡುವ ಅವಸರದಲ್ಲಿ ಹರಿಗೋಲಿನ ಅಂಚಿನ ಮೇಲೆ ಕಾಲಿಟ್ಟ.

“ಏ ಹುಚ್ಚಪ್ಯಾಲಿ, ಅಂಚಿನ ಮ್ಯಾಲ ಕಾಲ ಇಡಬ್ಯಾಡೋ!” ಎಂದು ಖಂಡೆಪ್ಪ ತನ್ನ ಸ್ವಂತ ಧ್ವನಿಯಲ್ಲಿ ಗುಡುಗಿ, ಅರೆಗಳಿಗೆ ತಡೆದು, ಮತ್ತೆ ಸಣ್ಣ ಧ್ವನಿಯಲ್ಲಿ, “ಯಾರರೆ ಬಂದ್ರ ರಗತಾ ಕಾರಸ್ತೀನಿ!” ಎಂದು ಮುಗಿಸಿದ.

ಯಾರೂ ನಗಲಿಲ್ಲ. ಎಲ್ಲರೂ ಕೈಮುಗಿದರು. ಆ ದಿನದಿಂದ ಒಂದು ಪುಟ್ಟಿಯೂ ತಂತಿಯ ಹತ್ತಿರ ಸುಳಿಯಲಿಲ್ಲ. ಜಾಲಿಗಿಡ ಮದುವೆಯ ಹಂದರವಾಯಿತು. ಖಂಡೆಪ್ಪನಿಗೆ ನಾಚಿಕೆಯಿಂದ ಎರಡು ದಿನ ಅನ್ನ ಇಳಿಯಲಿಲ್ಲ, ಮೂರನೆಯ ದಿನ ಒಳಗೊಳಗೇ ಹೆಮ್ಮೆ ಬಂತು. ಎಂಥ ಹುಚ್ಚು ಮಂದಿ, ಎಷ್ಟು ಸಲೀಸಾಗಿ ನಂಬಿದರು! ಮುಂದೆ ಐದು ವರ್ಷ ಕಂಬ ಎದ್ದವು, ತೊಲೆ ಕೂತವು, ಹಲಗೆ ಹಾಸಿದ್ದಾಯಿತು, ಒಂದು ಜೀವವೂ ಹೋಗಲಿಲ್ಲ. ಶೌಕತ ಅಲಿ ಮೇಲಿನವರಿಗೆ ವರದಿ ಬರೆದರು, ಸೂಚನಾ ಫಲಕದಿಂದ ಒಳ್ಳೆಯ ಪರಿಣಾಮವಾಗಿದೆ ಎಂದು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಬ್ರಿಜ್ಜು ಮುಗಿಯಿತು. ಗುತ್ತೇದಾರ ತಂತಿಯನ್ನು ಬಿಚ್ಚದೆ ಹಾಗೇ ಬಿಟ್ಟು ಹೋದ. ದೊಡ್ಡವರು ಬಂದು ರಿಬ್ಬನ್ನು ಕತ್ತರಿಸಿದರು, ಭಾಷಣ ಮಾಡಿದರು, ಇನ್ನು ಮುಂದೆ ಈ ಭಾಗದ ಜನ ಬುಟ್ಟಿಯಲ್ಲಿ ಕೂತು ಪ್ರಾಣ ಕೈಯಲ್ಲಿ ಹಿಡಿದು ಹೋಗಬೇಕಾಗಿಲ್ಲ ಎಂದರು. ಬುಟ್ಟಿಯ ಒಡೆಯ ಒಂದು ಬದಿಗೆ ನಿಂತು ಚಪ್ಪಾಳೆ ತಟ್ಟಿದ. ಅಂಬಿಗರೇ ಆದ ಅವನ ಕಾಕನ ಮಕ್ಕಳು ಇಬ್ಬರು ಅದೇ ವಾರ ತಮ್ಮ ಹರಿಗೋಲು ಮಾರಿ ಸಿಮೆಂಟ್ ಕಾರ್ಖಾನೆಗೆ ಸೇರಿದ್ದರು. ಇವನೂ ಹರಿಗೋಲನ್ನು ಬೋರಲು ಹಾಕಿ ಮನೆಗೆ ಹೋಗೋಣವೆಂದು ದಂಡೆಗೆ ಇಳಿದ. ನೋಡುತ್ತಾನೆ, ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಊರವರೆಲ್ಲ ಬ್ರಿಜ್ಜಿನ ಬಾಯಿಯಿಂದಲೇ ಇಳಿದು ಬಂದು ಹರಿಗೋಲಿನ ಸುತ್ತ ನಿಂತಿದ್ದಾರೆ.

“ಬಿಡಪ್ಪಾ, ಆಚಿ ದಂಡಿಗಿ ಹೋಗೂದದ,” ಎಂದ ಊರಿನ ಹಿರಿಯ ಮಾಣಿಕಪ್ಪ.

“ಅಲ್ಲಾ, ಬ್ರಿಜ್ಜು ಅದ ಅಲ್ಲೇನೋ ಕಾಕಾ?”

“ನೂರು ಮಾರಿನ ಕಟ್ಟಳಿ ಅದನಲ್ಲಪ್ಪ. ಬ್ರಿಜ್ಜು ತಂತಿ ಮಗ್ಗಲದಾಗೇ ಅದ. ಆಕಿ ಮುನದ್ರ ಯಾರು ನೋಡೋರು? ನಿನ್ನ ಬಾಯಿಂದೇ ಹೇಳ್ಯಾಳ.”

ಖಂಡೆಪ್ಪನ ಒಂದು ಕಣ್ಣಿಗೆ ನಗು, ಒಂದು ಕಣ್ಣಿಗೆ ನೀರು. ಹುಟ್ಟು ಕೈಗೆತ್ತಿಕೊಂಡ.

ಹೀಗೆ ನಡೆಯಿತು ನೋಡಿ ತಮಾಷೆ. ಪರವೂರಿನ ಲಾರಿ, ಬಸ್ಸು ಬ್ರಿಜ್ಜಿನ ಮೇಲೆ ಓಡಾಡಿದವು. ಹಿರೇಗಡ್ಡಿಯವರು ಹರಿಗೋಲಿನಲ್ಲಿ ದಾಟಿ, ಅರ್ಧ ಮೈಲಿ ನಡೆದು, ಬ್ರಿಜ್ಜಿನ ಆಚೆಯ ತುದಿಗೆ ಹೋಗಿ ಬಸ್ಸು ಹತ್ತುತ್ತಿದ್ದರು. ಆ ಬಸ್ಸು ಬ್ರಿಜ್ಜಿನ ಮೇಲಿನಿಂದಲೇ, ಇವರ ಕಣ್ಣ ಮುಂದಿನಿಂದಲೇ ಬಂದದ್ದು. ಸುಗ್ಗಿಗೆ ಅಂಬಿಗನ ಪಾಲಿನ ಜೋಳ ಎಂದಿನಂತೆ ಮನೆಗೆ ಬಂತು. ಖಂಡೆಪ್ಪ ಹರಿಗೋಲಿಗೆ ಹೊಸ ತೊಗಲು ಬಿಗಿದ.

ಶೌಕತ ಅಲಿ ತಪಾಸಣೆಗೆ ಬಂದು ಒಂದು ದಿನ ಪೂರ್ತಿ ಬ್ರಿಜ್ಜಿನ ಮೇಲೆ ಕೂತರು. ಹಿರೇಗಡ್ಡಿಯ ಕಡೆಯಿಂದ ನಡೆದು ದಾಟಿದ್ದು ಒಂದು ನಾಯಿ ಮಾತ್ರ. ಅವರು ದಂಡೆಗೆ ಇಳಿದು ಬಂದರು.

“ಖಂಡೆಪ್ಪ, ನೀ ಇಷ್ಟು ಚಾಲಾಕ ಅಂತ ಗೊತ್ತಿರಲಿಲ್ಲ. ನಿನ್ನ ಧಂದಾ ನಡೀಲಿ ಅಂತ ಏಳು ವರ್ಷದ ನನ್ನ ಮೆಹನತ್ ಮಣ್ಣು ಮಾಡಿದಿ.”

“ಸಾಹೇಬ್ರೆ, ನನ್ನ ಮಗಳ ಆಣಿ ಮಾಡಿ ಹೇಳ್ತೀನಿ, ಜೀವ ಉಳೀಲಿ ಅಂತ ಕುಣದೆ. ಧಂದಾಕ್ಕಲ್ಲ.”

“ಹಂಗಿದ್ರ ಇನ್ನೊಮ್ಮೆ ಕುಣಿ. ಬ್ರಿಜ್ಜಿಗಿ ಪರವಾನಗಿ ಕೊಡು.”

ಮಾತು ಚುಚ್ಚಿತು. ಬೇಸಿಗೆಯಲ್ಲಿ ಖಂಡೆಪ್ಪ ಅದನ್ನು ಮರೆತು ಇದ್ದ. ಮೊಣಕಾಲ ನೀರಿನಲ್ಲಿ ದಾಟಿಸುವುದಕ್ಕೆ ಏನು? ಆದರೆ ಮುಂಗಾರು ಬಿದ್ದು ಹೊಳೆ ಕೆಂಪಾಗಿ ಏರಿದಾಗ ಹಳೆಯ ಹೆದರಿಕೆ ಮರಳಿ ಬಂತು. ಮೊದಲು ಬೇರೆ ದಾರಿಯೇ ಇರಲಿಲ್ಲ, ಅದಕ್ಕೆ ಜನ ಹರಿಗೋಲು ಹತ್ತುತ್ತಿದ್ದರು. ಈಗ ತಲೆಯ ಮೇಲೆ ಕಲ್ಲಿನ ದಾರಿ ಇಟ್ಟುಕೊಂಡು ಕೆಳಗೆ ತೊಗಲಿನ ಬುಟ್ಟಿಯಲ್ಲಿ ಕೂರುತ್ತಿದ್ದಾರೆ, ಅದೂ ತಾನು ಹೇಳಿದ ಸುಳ್ಳನ್ನು ನಂಬಿ. ಇನ್ನು ಯಾರಾದರೂ ಹೋದರೆ ಹೊಳೆ ಕೊಂದಂತಲ್ಲ, ತಾನೇ ಕೊಂದಂತೆ. ಆಷಾಢದಲ್ಲಿ ಒಂದು ಸೋಮವಾರ ಮತ್ತೆ ಬೇವಿನ ಸೊಪ್ಪು ಹಿಡಿದು ಕುಣಿದ. ಬ್ರಿಜ್ಜಿನ ಮ್ಯಾಲ ಹೋಗ್ರಿ, ನಾ ಒಪ್ಪೀನಿ ಎಂದು ಕೂಗಿದ.

ಮಾಣಿಕಪ್ಪ ಬಂದು ಅವನ ತೋಳು ಹಿಡಿದ. “ಇವತ್ತ ಆಕಿ ಬಂದಂಗಿಲ್ಲ ಬಿಡೋ. ನೀ ದಣದೀದಿ. ಹೊದಿಕಿ ಹೊತ್ತು ಕುಂಡ್ರು, ಆಮ್ಯಾಲ ಹರಿಗೋಲ ಬಿಡೀಯಂತ.” ಸುಳ್ಳು ಹೇಳಿದಾಗ ನಂಬಿದವರು, ಸುಳ್ಳು ತಿದ್ದಲು ಹೋದರೆ ನಂಬುತ್ತಿಲ್ಲವಲ್ಲ ಎಂದು ಖಂಡೆಪ್ಪನಿಗೆ ಅಳು ಬಂತು.

ಶ್ರಾವಣದಲ್ಲಿ ಚಿಂಚೋಳಿಯ ಕಡೆ ಮೂರು ದಿನ ಬಿಡದೆ ಮಳೆ ಹೊಯ್ದು ಹೊಳೆ ಎರಡೂ ದಂಡೆ ತುಂಬಿ ಬಂತು. ಮಗಳು ಗುಂಡಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಬೆಳಿಗ್ಗೆ ನೋವು ಶುರುವಾಯಿತು, ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, ಸೇಡಮ್ಮಿನ ದವಾಖಾನೆಗೆ ಒಯ್ಯಿರಿ ಎಂದಳು. ಹೊರಸಿನ ಮೇಲೆ ಹಾಕಿಕೊಂಡು ನಾಲ್ಕು ಜನ ಹೊತ್ತು ತಂದರು. ಊರೇ ಹಿಂದೆ ಬಂತು. ತಂದದ್ದು ಎಲ್ಲಿಗೆ? ಬ್ರಿಜ್ಜಿಗಲ್ಲ, ದಂಡೆಗೆ, ಹರಿಗೋಲಿನ ಹತ್ತಿರ.

ಖಂಡೆಪ್ಪ ಹೊಳೆ ನೋಡಿದ. ಕೆಳಗಿನ ಇಳಿದಾಣ ಮುಳುಗಿ ಅಲ್ಲಿ ಮುಳ್ಳುಕಂಟಿಯ ತುದಿ ಮಾತ್ರ ಅಲುಗುತ್ತಿತ್ತು. ದಾಟುವುದಾದರೆ ಹಳೆಯ ರೀತಿ, ಮೇಲಿನಿಂದ ಬಿಟ್ಟು ಕಂಬಗಳ ನಡುವೆಯೇ ಹಾಯಬೇಕು. ತಂತಿ ಎಲ್ಲಿದೆ? ಕಾಣುತ್ತಿರಲಿಲ್ಲ. ನೀರಿನ ಒಂದು ಗೇಣು ಕೆಳಗೆ ಎಲ್ಲೋ ಬಿಗಿದುಕೊಂಡು ಕಾಯುತ್ತಿತ್ತು. ತೊಗಲಿಗೆ ತಾಗಿದರೆ ಮುಗಿಯಿತು.

“ಬ್ರಿಜ್ಜಿನ ಮ್ಯಾಲ ಒಯ್ರಿ!” ಎಂದ.

ಯಾರೂ ಅಲುಗಲಿಲ್ಲ. “ಕಟ್ಟಳಿ ಅದ ಅಲ್ರಿ,” ಎಂದಳು ಮರೆಮ್ಮ. ಅವಳ ಮುಖ ಬಿಳಚಿತ್ತು. “ನೀವು ಹರಿಗೋಲ ಬಿಡ್ರಿ. ನಿಮ್ಮ ಕೈ ಮ್ಯಾಲ ನನಗ ನಂಬಿಗಿ ಅದ.”

“ಕಟ್ಟಳಿ ಸುಳ್ಳ!” ಖಂಡೆಪ್ಪ ಊರವರ ಮುಂದೆಲ್ಲ ಒದರಿದ. “ತಂತೆವ್ವ ಬಂದಿದ್ದಿಲ್ಲ! ನಾನೇ ಕುಣದೆ, ನಾನೇ ಒದರದೆ! ನಾ ಸುಳ್ಳ ಹೇಳೀನಿ ನಿಮಗ, ಕೇಳ್ರಪ್ಪೋ, ಸುಳ್ಳ!”

ಮಾಣಿಕಪ್ಪ ನೆಲ ನೋಡಿದ. ಜೈಬುನ್ನೀಸಾ ತನ್ನ ಬಳೆಗಳನ್ನು ಒಂದೊಂದೇ ತಿರುಗಿಸಿಕೊಂಡಳು. ಹೊರಸು ಹೊತ್ತವನೊಬ್ಬ ಕೆಮ್ಮಿದ. “ಹಂಗೆಲ್ಲಾ ಅನಬ್ಯಾಡ್ರಿ,” ಎಂದಳು ಮರೆಮ್ಮ ಮೆಲ್ಲಗೆ. ಹೊರಸಿನ ಮೇಲೆ ಗುಂಡಮ್ಮ “ಯಪ್ಪಾ” ಎಂದು ಚೀರಿದಳು.

ಖಂಡೆಪ್ಪ ಸೊಂಟದ ಚೂರಿ ಹಿರಿದ. ತೊಗಲು ಕೊಯ್ಯುವ ಚೂರಿ. ಹರಿಗೋಲಿನೊಳಗೆ ಹಾರಿ ನಡುತಳಕ್ಕೆ ಊರಿ, ಈ ಕಡೆಯಿಂದ ಆ ಕಡೆಯವರೆಗೆ ಎರಡು ಸಲ ಎಳೆದ. ಹೊಸ ತೊಗಲು ಪರ್ರನೆ ಹರಿಯಿತು. ಬಿದಿರಿನ ನಡುವಿನಿಂದ ಕೆಂಪು ನೀರು ಎದ್ದು ಅವನ ಮೊಣಕಾಲು ಮುಚ್ಚಿತು. ಮೂವತ್ತೆಂಟು ವರ್ಷ ತುತ್ತು ಕೊಟ್ಟದ್ದನ್ನು ತನ್ನ ಕೈಯಿಂದಲೇ ಕೊಯ್ದು ಅವನು ಅಲ್ಲೇ ನಿಂತು ಹೋ ಎಂದು ಅತ್ತ.

“ತಂತೆವ್ವನೇ ಹರಿಗೋಲ ತಗೊಂಡ್ಳು,” ಎಂದ ಮಾಣಿಕಪ್ಪ, ಒಂದು ಗಳಿಗೆಯೂ ತಡವಿಲ್ಲದೆ. “ಇನ್ನ ಕಟ್ಟಳಿ ತೀರ್ತು. ಎತ್ರೋ ಹೊರಸು!”

ಇಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದವರು ಹೊರಸು ಎತ್ತಿಕೊಂಡು ಬ್ರಿಜ್ಜಿನ ಕಡೆ ಓಡಿದರು. ಆ ಓಟ ನೋಡಬೇಕಿತ್ತು. ಏಳು ವರ್ಷದ ಕೆಲಸದ ಮೇಲೆ ಹಿರೇಗಡ್ಡಿಯ ಕಾಲು ಬಿದ್ದದ್ದು ಅಂದೇ ಮೊದಲು. ಅವರ ಹಿಂದೆ ಹೋಗಲು ಖಂಡೆಪ್ಪನಿಗೆ ಮುಖವಿರಲಿಲ್ಲ. ಹರಿದ ಹರಿಗೋಲನ್ನು ದಂಡೆಗೆ ಎಳೆದು ಅದರ ಪಕ್ಕ ಕೂತ.

ಹೊತ್ತು ಮುಳುಗುವ ಮುಂಚೆ ಮರೆಮ್ಮ ಬ್ರಿಜ್ಜಿನ ಮೇಲಿನಿಂದ ನಡೆದು ಬಂದಳು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಗಟ್ಟಿ ಇದ್ದಾರೆ ಎಂದಳು. ಖಂಡೆಪ್ಪ ಮುಖ ಮುಚ್ಚಿಕೊಂಡ. ಆಮೇಲೆ ಕೇಳಿದ.

“ನಾ ಖರೇನೇ ಹೇಳದೆ. ಆವತ್ತ ನನ್ನ ಮೈಯಾಗ ಯಾರೂ ಬಂದಿದ್ದಿಲ್ಲ. ಯಾಕ ನಂಬಲಿಲ್ಲ ನೀವ್ಯಾರೂ?”

ಮರೆಮ್ಮ ಸೀರೆಯ ಅಂಚು ಹಿಂಡಿಕೊಂಡು ಅವನ ಪಕ್ಕ ಕೂತಳು.

“ಅದು ನಮಗ ಆವತ್ತೇ ಗೊತ್ತಿತ್ತು. ನಡುವ ಆ ಹುಡುಗಗ ಬೈದ್ರಿ ನೋಡ್ರಿ, ಅಂಚಿನ ಮ್ಯಾಲ ಕಾಲ ಇಡಬ್ಯಾಡೋ ಅಂತ. ತಂತೆವ್ವ ಹಂಗ ಬೈತಾಳೇನು?”

“ಊರಿಗೆಲ್ಲ ಗೊತ್ತಿತ್ತಾ?”

“ಎಲ್ಲಾರಿಗೂ. ದೇವರಂದ್ರ ನಗೋ ಮನಿಷಾ ಮಂದ್ಯಾಗ ಹಿಂಗ ಕುಣೀತಾನ ಅಂದಮ್ಯಾಲ ಹೊಳ್ಯಾಗ ಏನರೆ ಖರೇನೇ ಕೆಟ್ಟದ್ದಿರಬೇಕ ಅಂತ ಸರದ ನಿಂತರು.”

ಖಂಡೆಪ್ಪ ಅವಳ ಕಡೆ ತಿರುಗಿದ. “ಹಂಗಾರ ಬ್ರಿಜ್ಜಿನ ಮ್ಯಾಲ ಯಾಕ ಹೋಗಲಿಲ್ಲ?”

“ಹ್ಯಾಂಗ ಹೋಗೋದ್ರಿ? ನೀವು ಖಾಲಿ ಹರಿಗೋಲ ಹಿಡಕೊಂಡು ದಂಡಿ ಮ್ಯಾಲ ಕುಂತಿರೋರು. ನಿಮ್ಮ ಕಣ್ಣಮುಂದ ತಲಿ ಮ್ಯಾಲಿಂದ ಹ್ಯಾಂಗ ಹಾಯಬೇಕು? ಎಲ್ಲಾರಿಗೂ ಭಿಡೆ, ಸಂಕೋಚ ಆಗ್ತಿತ್ತು. ಕಟ್ಟಳಿ ಅದ ಅಂತ ಒಂದು ನೆಪ ಇತ್ತು, ಹೇಳ್ತಿದ್ವಿ.”

“ಇವತ್ತ? ಇವತ್ತೂ ಭಿಡೆ ಏನು? ಗುಂಡಿ ಸಾಯ್ತಿದ್ಲಲ್ಲೇ!”

“ಅಷ್ಟು ಮಂದ್ಯಾಗ ನನ್ನ ಗಂಡನ್ನ ನಾನೇ ಸುಳ್ಳಗಾರ ಮಾಡಲೇನ್ರಿ?” ಎಂದಳು.

ಖಂಡೆಪ್ಪ ಹೊಳೆ ನೋಡಿದ. ಆ ಮಳೆಗಾಲದಲ್ಲಿ ಅವನು ಎಷ್ಟು ಸಲ ದಾಟಿಸಿದ್ದ, ಪ್ರತಿ ಸಲ ಹದಿನೈದು ಜನ. ಅಷ್ಟೂ ಜನ ತನ್ನ ಮೇಲಿನ ಭಿಡೆಗೆ ತುಂಬಿದ ಹೊಳೆಯಲ್ಲಿ ತೊಗಲಿನ ಬುಟ್ಟಿಯಲ್ಲಿ ಕೂತು, ಮೇಲಿಂದ ತನ್ನ ಬೈಗುಳ ಬೇರೆ ತಿಂದಿದ್ದರು. ಅವರನ್ನು ಹುಚ್ಚು ಮಂದಿ ಎಂದು ತಾನು ಒಳಗೊಳಗೇ ನಕ್ಕಿದ್ದ.

ಮರುದಿನ ಸಂತೆ. ಖಂಡೆಪ್ಪ ದಂಡೆಯ ಮೇಲೆ ಬಿದಿರಿನ ಗಂಟು ಬಿಚ್ಚುತ್ತ ಕೂತಿದ್ದ. ಬೆಳಕು ಹರಿಯುತ್ತಲೇ ಹಿರೇಗಡ್ಡಿಯವರು ಬ್ರಿಜ್ಜಿನ ಬಾಯಿಗೆ ಬಂದರು. ಕೆಳಗೆ ಅವನು ಕೂತದ್ದನ್ನು ಕಂಡು ಒಬ್ಬರಿಗೊಬ್ಬರು ಸನ್ನೆ ಮಾಡಿದರು. ಮಾಣಿಕಪ್ಪ ಮೊದಲು ಬಗ್ಗಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದ. ಹಿಂದಿನವರೆಲ್ಲ ಹಿಡಿದರು. ಅವನ ತಲೆಯ ಮೇಲಿನಿಂದ ಇಡೀ ಊರು ಸದ್ದಾಗದಂತೆ ಬರಿಗಾಲಲ್ಲಿ ದಾಟತೊಡಗಿತು. ಖಂಡೆಪ್ಪ ಕಂಡೂ ಕಾಣದವನಂತೆ ಹೊಳೆಯ ಕಡೆ ಮುಖ ಮಾಡಿ, ಕೊನೆಯವನು ದಾಟುವವರೆಗೆ ತಲೆ ಎತ್ತಲಿಲ್ಲ.